ಮಾಯಿಶ್ಚರ್ ಮೀಟರಿನ ಗುರುತು ಮರೆತ ಕರ್ನೆಲ್ ಸಾಹೇಬರಿಗೆ

ಮಾನ್ಯರೇ,

ಬಣಕಲ್ ಸಮೀಪದ ನಮ್ಮ ಕಾಫಿ ತೋಟದ ಆಫೀಸು ಕೋಣೆಯಲ್ಲಿ, ಕಂಪ್ಯೂಟರಿನ ಹೊಟ್ಟೆಯೊಳಗೆ ಕರ್ನೆಲ್ ಎಂಬ ಹೆಸರಿನ ಯಜಮಾನರಾಗಿ ಕೂತು, ತಂತಿ ಹಿಡಿದು ಒಳಬರುವವರನ್ನೆಲ್ಲ ವಿಚಾರಿಸುವ ತಮ್ಮ ಪಾದಗಳಿಗೆ, ಪಾದಗಳಿದ್ದ ಪಕ್ಷದಲ್ಲಿ, ಅನಂತ ನಮಸ್ಕಾರಗಳು. ಹೋದ ವಾರ ಅಪ್‌ಡೇಟ್ ಎಂಬ ಹೊಸ ಉಡುಗೆ ತೊಟ್ಟ ಮೇಲೆ ತಮ್ಮ ಗತ್ತು ಹೆಚ್ಚಿದೆ ಎಂದು ನನ್ನ ಮೊಮ್ಮಕ್ಕಳೇ ಮಾತಾಡಿಕೊಳ್ಳುತ್ತಿದ್ದಾರೆ.

ವಿಷಯ ಇಷ್ಟೇ. ಕಣದಲ್ಲಿ ನಮ್ಮ ಪಾರ್ಚ್‌ಮೆಂಟ್ ಕಾಫಿ, ಅಂದರೆ ಹಣ್ಣು ಸುಲಿದು ತೊಳೆದ ಬೀಜ, ಒಣಗುತ್ತಿದೆ. ಅದರ ತೇವವನ್ನು ಮಾಯಿಶ್ಚರ್ ಮೀಟರ್ ಅಳೆದು ಹೇಳಬೇಕು, ತಾವು ಕೇಳಿಸಿಕೊಂಡು ಚೀಟಿ ಮುದ್ರಿಸಿ ಕೊಡಬೇಕು. ಚೀಟಿಯಿಲ್ಲದ ಮೂಟೆಯನ್ನು ಖರೀದಿಯ ಓಂಕಾರಪ್ಪನವರು ಮುಟ್ಟುವುದಿಲ್ಲ. "ಅಮ್ಮಾ, ನೀವು ಹೇಳಿದ್ರೆ ನಾನು ನಂಬ್ತೀನಿ ಮಾರಾಯ್ರೆ, ಗೋಡೌನಿನವ್ರು ನಂಬಬೇಕಲ್ಲ" ಎಂದು ಬಾಗಿಲಲ್ಲೇ ಕೈಮುಗಿದು ಹೋದರು. ನಾಳೆ ಲಾರಿ ಬರುತ್ತದೆ. ಅದು ತಪ್ಪಿದರೆ ಮುಂದಿನ ಲಾರಿಯ ಹೊತ್ತಿಗೆ ಗಿಡದಲ್ಲಿ ಹೂ ಅರಳಿಸುವ ಹೂಮಳೆ ಬಿದ್ದು ಕಣದ ಕಾಫಿಗೆ ಬೂಷ್ಟು ಹಿಡಿಯುತ್ತದೆ.

ಇಂಥ ಹೊತ್ತಿನಲ್ಲಿ ತಾವು ಮೀಟರಿನ ಮುಖ ನೋಡಿ 'ಅಪರಿಚಿತ ಸಾಧನ' ಎಂದುಬಿಟ್ಟಿರಿ. ಇಷ್ಟು ವರ್ಷ ಒಂದೇ ಮೇಜಿನ ಮೇಲೆ ಜೊತೆಗಿದ್ದವನನ್ನು! ದೊಡ್ಡವರಿಗೆ ಮಾತ್ರ ಒಲಿಯುವ ಮರೆವು ಇದು, ಅಭಿನಂದನೆಗಳು.

ಸೊಸೆ ಸ್ವಾತಿ ತಮ್ಮ ಪರ ವಕಾಲತ್ತು ವಹಿಸಿದಳು. ತಂತಿ ಸಿಕ್ಕಿಸಿದೊಡನೆ ಸಾಧನ ತನ್ನ ಗುರುತು ಹೇಳಬೇಕಂತೆ. ಸಾಧನಗಳನ್ನು ದುಡಿಸಲು ತಮ್ಮ ಕೈಕೆಳಗೆ ಡ್ರೈವರ್ ಎಂಬ ಮೇಸ್ತ್ರಿಗಳಿದ್ದಾರಂತೆ. ಯಾವ ಮೇಸ್ತ್ರಿಯ ಪಟ್ಟಿಯಲ್ಲಿ ಆ ಗುರುತಿದೆಯೋ ಅವನ ವಶಕ್ಕೆ ತಾವು ಸಾಧನವನ್ನು ಒಪ್ಪಿಸುತ್ತೀರಂತೆ. ಹೊಸ ಪಟ್ಟಿಯಲ್ಲಿ ನಮ್ಮ ಮೀಟರಿನ ವಿವರ ಬಿಟ್ಟುಹೋಗಿದೆ, ಬರೆದು ಸೇರಿಸಿದರಾಯಿತು ಎಂದಳು.

ಹಾಗಾದರೆ ಬರೆದುಕೋ ಎಂದು ನಾನೇ ಹೇಳಿದೆ: ಬಂದದ್ದು ಮೂಡಿಗೆರೆಯ ಅಂಗಡಿಯಿಂದ, ಕೊಡಿಸಿದವರು ನಮ್ಮ ಬೀಗರು, ಅಂದರೆ ಸ್ವಾತಿಯ ಅಪ್ಪ ಮಲ್ಲಿಕಾರ್ಜುನಪ್ಪನವರು, ಮೈಬಣ್ಣ ಬೂದು, ಹಣ್ಣು ಸುಲಿಯುವ ಪಲ್ಪರಿನ ಹತ್ತಿರ ಬಿದ್ದು ಒಂದು ಮೂಲೆ ಒಡೆದಿದೆ, ಸ್ವಭಾವ ಸಾಧು. ನಮ್ಮಲ್ಲಿ ಹೊಸಿಲು ದಾಟುವವರನ್ನು ಯಾವೂರು, ಯಾರ ಪೈಕಿ ಎಂದು ಕೇಳಿದ ಮೇಲೆಯೇ ಕಾಫಿಗೆ ನೀರಿಡುವುದು. ಸ್ವಾತಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅತ್ತೆ, ಅವ್ರಿಗೆ ಇದೆಲ್ಲ ಬ್ಯಾಡ. ಕಂಪನಿದೊಂದು ನಂಬರ್, ಮೀಟರಿಂದೊಂದು ನಂಬರ್, ಅಷ್ಟೇ."

"ನಿನ್ನ ಈ ಮನೆಗೆ ಕೊಡುವಾಗ ನಿಮ್ಮಪ್ಪ ಎರಡು ನಂಬರ್ ನೋಡಿ ಕೊಟ್ರೇನೇ?" ಎಂದೆ.

"ನಿಮ್ಮನ್ನ ಸರಿಯಾಗಿ ನೋಡಿದ್ರೆ ಕೊಡ್ತಾನೇ ಇರ್ಲಿಲ್ಲ" ಎಂದು ಅವಳು ಗೊಣಗಿದ್ದು ನನ್ನ ಕಿವಿಗೆ ಬಿತ್ತು. ಇದಕ್ಕೂ ತಾವೇ ಹೊಣೆ.

ಆದ್ದರಿಂದ ತಾವೊಮ್ಮೆ ಆ ಡಬ್ಬಿಯಿಂದ ಹೊರಬಂದು ನಮ್ಮ ಜಗಲಿಯಲ್ಲಿ ಎಲೆಅಡಿಕೆ ಹಾಕಿಕೊಂಡು ಕೂರಬೇಕೆಂದು ಪ್ರಾರ್ಥನೆ. ಪ್ರಿಂಟರು, ಮೌಸು, ಕೀಲಿಮಣೆ ಎಲ್ಲರನ್ನೂ ಎದುರಿಗೆ ನಿಲ್ಲಿಸಿ ಯಾರು ಯಾರಿಗೆ ಏನಾಗಬೇಕೆಂದು ತಿಳಿಸಿಕೊಡುತ್ತೇನೆ. ಇನ್ನು ಮುಂದೆ ಹೊಸ ಉಡುಗೆ ತೊಡುವ ಮೊದಲು ಮನೆಯ ಹಿರಿಯರನ್ನು ಒಂದು ಮಾತು ಕೇಳುವ ಕೃಪೆ ಮಾಡಬೇಕು.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ರುದ್ರಾಣಮ್ಮ

ತಾ.ಕ.: ಇಷ್ಟು ಬರೆಯುವಷ್ಟರಲ್ಲಿ ಸ್ವಾತಿ ಆ ಎರಡು ನಂಬರ್ ಸೇರಿಸಿದಳು. ತಾವು ಮೀಟರನ್ನು ಗುರುತಿಸಿದಿರಿ, ಚೀಟಿಯೂ ಬಂತು: 'ತೇವ ಜಾಸ್ತಿ, ಇನ್ನೂ ಒಣಗಬೇಕು.' ಓಂಕಾರಪ್ಪನವರು ಮತ್ತೆ ಬರುತ್ತಿದ್ದಾರೆ, ಜೀಪು ಗೇಟಿನ ಹತ್ತಿರ ನಿಂತಿದೆ. ದಯವಿಟ್ಟು ಅವರು ಮೆಟ್ಟಿಲು ಹತ್ತುವುದರೊಳಗೆ ಮೀಟರಿನ ಗುರುತು ಪುನಃ ಮರೆತುಬಿಡಿ. ಕಾಫಿ ಒಣಗಿದೆ, ಲಾರಿ ತಪ್ಪುವುದು ತಮ್ಮಿಂದಲೇ ಎಂದು ಊರಿಗೆಲ್ಲ ಹೇಳಿಬಿಟ್ಟಿದ್ದೇನೆ.