ನಲವತ್ತಡಿ ರಸ್ತೆಗೆ ನಾನು ತೋರಿಸಿದ ದಾರಿ

ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು ನಾನು. ಸಮಾಜಕ್ಕೆ ನನ್ನಿಂದ ಏನಾಯಿತೋ ಗೊತ್ತಿಲ್ಲ. ಆದರೆ ನಕ್ಷೆಯ ವಿಷಯದಲ್ಲಿ ನನ್ನ ಮುಂದೆ ಯಾರೂ ನಿಲ್ಲುವಂತಿರಲಿಲ್ಲ. ಪುಸ್ತಕ ನೋಡದೆ ಕಾವೇರಿಯನ್ನು ಬೋರ್ಡಿನ ಈ ತುದಿಯಿಂದ ಆ ತುದಿಗೆ ಹರಿಸುತ್ತಿದ್ದೆ. ಹೇಮಾವತಿ ಬಂದು ಸೇರುವ ಜಾಗದಲ್ಲಿ ಸೀಮೆಸುಣ್ಣ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಹಾಗಾಗಿ ನಮ್ಮೂರಿನ ಯೋಜನಾ ಪ್ರಾಧಿಕಾರದವರು, 'ಊರಿನ ಕರಡು ನಕ್ಷೆ ಸಿದ್ಧವಾಗಿದೆ, ಸಾರ್ವಜನಿಕರು ನೋಡಿ ಆಕ್ಷೇಪಣೆಗಳಿದ್ದರೆ ಸಲ್ಲಿಸಬಹುದು' ಎಂದು ಪ್ರಕಟಣೆ ಹಾಕಿದಾಗ, ಆ 'ಸಾರ್ವಜನಿಕರು' ಎಂದರೆ ನಾನೇ ಎಂದು ನನಗೆ ಖಚಿತವಾಯಿತು.

ನಮ್ಮದು ಅರಕಲಗೂಡು ಕಡೆಯ ಸಣ್ಣ ಪಟ್ಟಣ. ಹೆಸರು ಹೇಳಿದರೆ ನೀವು ನಕ್ಷೆ ತೆಗೆದು ಹುಡುಕುತ್ತೀರಿ. ನಕ್ಷೆಯ ಸಹವಾಸ ನನಗೊಬ್ಬಳಿಗೇ ಸಾಕು. ಮಾರನೆಯ ದಿನವೇ ಕನ್ನಡಕ ಒರೆಸಿಕೊಂಡು ಪ್ರಾಧಿಕಾರದ ಕಚೇರಿಗೆ ಹೋದೆ. ಗೋಡೆಯ ತುಂಬ ನಕ್ಷೆ ತೂಗುಹಾಕಿದ್ದರು. ಮನೆಗಳಿಗೆ ಹಳದಿ, ಅಂಗಡಿಗಳಿಗೆ ನೀಲಿ, ಪಾರ್ಕಿಗೆ ಹಸಿರು. ಮನೆಗಳನ್ನು ಒಂದೊಂದಾಗಿ ಬರೆದಿರಲಿಲ್ಲ, ಸರ್ವೆ ಗೆರೆಗಳು ಮಾತ್ರ ಇದ್ದವು. ಅವುಗಳ ನಡುವೆ ಮಲ್ಲಿಪಟ್ಟಣ ರಸ್ತೆಯಿಂದ ಹೊಳೆನರಸೀಪುರ ರಸ್ತೆಗೆ ಸೇರುವಂತೆ ಹೊಸದೊಂದು ನಲವತ್ತಡಿ ರಸ್ತೆ ಎಳೆದಿದ್ದರು. ಅದು ಹಾದುಹೋಗುವ ಜಾಗ ನೋಡಿ ಕನ್ನಡಕ ತೆಗೆದು ಇನ್ನೊಮ್ಮೆ ಒರೆಸಿಕೊಂಡೆ.

ನಮ್ಮ ಬೀದಿಯಲ್ಲಿ ಎರಡು ಸಾಲು ಮನೆ. ಒಂದು ಸಾಲಿನಲ್ಲಿ ನಾವು, ಎದುರು ಸಾಲಿನಲ್ಲಿ ದಿನಸಿ ಅಂಗಡಿಯ ಶಿವಲಿಂಗಪ್ಪ, ಗಿರಿಜಮ್ಮ ದಂಪತಿ. ಅವರ ಮನೆಯ ಹಿಂದೆಯೇ ಒಂದು ಕಾಲುವೆ. ನಕ್ಷೆಯಲ್ಲಿ ದಪ್ಪನೆಯ ನೀಲಿ ಗೆರೆಯಾಗಿ ಆ ಕಾಲುವೆ ಕಾಣುತ್ತಿತ್ತು. ರಸ್ತೆ ಅದರ ಈಚೆ ದಡಕ್ಕೆ ಅಂಟಿಕೊಂಡೇ ಬರುತ್ತಿತ್ತು. ಅಂದರೆ ಗಿರಿಜಮ್ಮನ ಮನೆಯ ಮೇಲೆಯೇ.

ಗಿರಿಜಮ್ಮ ಎಂದರೆ ನನಗೆ ಬರಿಯ ನೆರೆಯವಳಲ್ಲ. ನನಗೆ ಟೈಫಾಯ್ಡ್ ಬಂದಾಗ ಹದಿನೆಂಟು ದಿನ ಗಂಜಿ ತಂದುಕೊಟ್ಟ ಹೆಂಗಸು. ಅವಳ ಮಗಳು ರೂಪಾ ಚೊಚ್ಚಲ ಬಸುರಿ. ಬಾಣಂತನಕ್ಕೆ ಬರುವಷ್ಟರಲ್ಲಿ ಮೇಲೊಂದು ಬೆಚ್ಚನೆಯ ಕೋಣೆ ಇರಲಿ ಎಂದು ಆಗತಾನೇ ಮಹಡಿ ಕಟ್ಟಿಸಲು ಶುರುಮಾಡಿದ್ದರು. ಗೋಡೆ ಸೊಂಟದ ಮಟ್ಟಕ್ಕೆ ಬಂದಿತ್ತು. ನಾನು ಕಚೇರಿಯಿಂದ ನೇರವಾಗಿ ಅಲ್ಲಿಗೇ ಹೋದೆ.

"ಗಿರಿಜಮ್ಮ, ಕೆಲಸ ನಿಲ್ಸಿ. ನಿಮ್ಮನೆ ಮೇಲೆ ರೋಡ್ ಬರ್ತಿದೆ."

ಅವಳು ಕೈಯಲ್ಲಿದ್ದ ನೀರಿನ ಪೈಪನ್ನು ಕೆಳಗೆ ಬಿಟ್ಟಳು. "ಏನ್ ಮಿಸ್ ಇಂಗಂತೀರ? ನಮ್ ಮನೆ ಮ್ಯಾಲಾ?"

"ನನ್ ಕಣ್ಣಾರೆ ನೋಡ್ದೆ."

"ನೀವೇ ನೋಡಿದ್ರೆ ಮುಗೀತು ಬುಡಿ," ಎಂದು ಅವಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಸಂಜೆಯೊಳಗೆ ಶಿವಲಿಂಗಪ್ಪ, ಕೆಡವೋ ಮನೆಗೆ ಮಹಡಿ ಯಾಕೆ ಎಂದು ಮೇಸ್ತ್ರಿ ತಿಮ್ಮಯ್ಯನನ್ನು ಕಳುಹಿಸಿಬಿಟ್ಟರು.

ಕೆಡವಲು ಬಿಡುವವಳೇ ನಾನು? ಮರುದಿನ ಬಟರ್ ಪೇಪರ್, ಸ್ಕೇಲು, ಪೆನ್ಸಿಲ್ ತೆಗೆದುಕೊಂಡು ಕಚೇರಿಗೆ ಹೋಗಿ, ನಮ್ಮ ಭಾಗದ ನಕ್ಷೆಯನ್ನು ಅಚ್ಚುಕಟ್ಟಾಗಿ ಇಳಿಸಿಕೊಂಡು ಬಂದೆ. ಊಟದ ಮೇಜಿನ ಮೇಲೆ ಹರಡಿಕೊಂಡು ಬದಲಿ ಮಾರ್ಗ ಯೋಚಿಸಿದೆ. ನಮ್ಮ ಸಾಲಿನ ಮನೆಗಳ ಹಿಂದೆ ಲಂಟಾನ ಬೆಳೆದ ಖಾಲಿ ಜಾಗವಿದೆ. ಒಂದು ಮುರುಕು ಟ್ರ್ಯಾಕ್ಟರ್ ಟ್ರೇಲರ್ ಬಿಟ್ಟರೆ ಅಲ್ಲಿ ಏನೂ ಇಲ್ಲ. ಕಾಲುವೆಯಿಂದ ಆ ಖಾಲಿ ಜಾಗಕ್ಕಿರುವ ದೂರವನ್ನು ನಕ್ಷೆಯ ಮೇಲೆ ಅಳತೆ ಹಾಕಿ ಸ್ಕೇಲಿಟ್ಟು ಗೆರೆ ಎಳೆದೆ. ಬಾಣ ಬಿಟ್ಟ ಹಾಗೆ ನೇರವಾಗಿ ಬಂತು.

ನಮ್ಮ ಯಜಮಾನರು ನಿವೃತ್ತ ಲೈನ್‌ಮನ್. ಊರಿನ ಪ್ರತಿ ಕಂಬವೂ ಅವರಿಗೆ ಹೆಸರಿಟ್ಟು ಕರೆಯುವಷ್ಟು ಪರಿಚಯ. ಮೊಸರನ್ನದ ತಟ್ಟೆ ಹಿಡಿದುಕೊಂಡು ಬಂದು ನನ್ನ ಭುಜದ ಮೇಲಿಂದ ಬಗ್ಗಿ ನೋಡಿದರು.

"ಈ ನೀಲಿ ಗೆರೆ ಯಾವ್ದು?"

"ಗಿರಿಜಮ್ಮನ ಮನೆ ಹಿಂದಿನ ಕಾಲುವೆ."

"ಅದ್ರಲ್ಲಿ ನೀರು ಹರಿದು ಎಷ್ಟ್ ವರ್ಷ ಆಯ್ತೋ. ಅದ್ನ ಇಷ್ಟ್ ದಪ್ಪ ಯಾಕ್ ಬರದವ್ರೆ?"

"ನಕ್ಷೇಲಿ ಹಾಗೇ ಬರೆಯೋದು."

"ಅದರಾಚೆ ಬಯಲು ಐತೆ, ಬಯಲಾಚೆ ಹೊಸ ನಾಲೆ ಐತೆ. ಅದೆಲ್ಲಿ ಹೋಯ್ತು?"

"ರೀ, ಅನ್ನ ಮೇಲೆ ಬೀಳುತ್ತೆ, ಆ ಕಡೆ ಹೋಗಿ ಊಟ ಮಾಡಿ."

ಅವರು ಆ ಕಡೆ ಹೋಗಿ ಊಟ ಮಾಡಿದರು. ಮೂವತ್ತೈದು ವರ್ಷದ ಸಂಸಾರದಲ್ಲಿ ಅವರು ಕಲಿತ ಮುಖ್ಯ ಪಾಠ ಅದು.

ಆಮೇಲೆ ಸಹಿ ಸಂಗ್ರಹ. 'ಮಾನ್ಯರೇ, ಈ ಕೆಳಗೆ ಸಹಿ ಮಾಡಿರುವ ನಾವುಗಳು ತಮ್ಮಲ್ಲಿ ವಿನಮ್ರವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ' ಎಂದು ಆರಂಭವಾಗುವ ಮೂರು ಪುಟದ ಮನವಿ ಬರೆದು ಮನೆಮನೆ ತಿರುಗಿದೆ. ನಲವತ್ತೆರಡು ಸಹಿ ಬಿದ್ದವು. ಯಾರೂ ಓದಲಿಲ್ಲ. ಅರ್ಧ ಬೀದಿ ನನ್ನ ಹಳೆಯ ವಿದ್ಯಾರ್ಥಿಗಳು. ನಾನು ಕಾಗದ ಚಾಚಿದರೆ ಸಹಿ ಹಾಕುವುದೇ ಅವರಿಗೆ ರೂಢಿ. ಮೂಲೆಮನೆಯ ಕಾಳಮ್ಮ ಮಾತ್ರ ಹೆಬ್ಬೆಟ್ಟು ಒತ್ತುತ್ತಾ, "ನಲ್ಲೀಲಿ ನೀರು ಯಾವತ್ತಿಂದ ಬತ್ತದೆ ಮಿಸ್?" ಎಂದು ಕೇಳಿದಳು. ಅದಕ್ಕೆ ಬೇರೆ ಅರ್ಜಿ ಬರೆಯೋಣ ಎಂದು ಹೇಳಿ ಮುಂದಿನ ಮನೆಗೆ ಹೋದೆ.

ಆಕ್ಷೇಪಣೆಗಳ ಸಭೆಯ ದಿನ ನಾನು ರೇಷ್ಮೆ ಸೀರೆ ಉಟ್ಟಿದ್ದೆ. ಅಧ್ಯಕ್ಷರು, ನಾಲ್ಕೈದು ಸದಸ್ಯರು, ಪಕ್ಕದಲ್ಲಿ ನಕ್ಷೆಯ ಉಸ್ತುವಾರಿ ಅಧಿಕಾರಿ ಮಂಜುನಾಥ. ಅವನೂ ನನ್ನ ವಿದ್ಯಾರ್ಥಿಯೇ. ಎಂಟನೇ ತರಗತಿಯಲ್ಲಿ ಬಂಗಾಳಕೊಲ್ಲಿಯನ್ನು ಗುಜರಾತಿನ ಪಕ್ಕ ಬರೆದದ್ದಕ್ಕೆ ಅವನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೆ. ಅವನ ಕೈಗೆ ಊರಿನ ನಕ್ಷೆ ಕೊಟ್ಟಿರುವುದನ್ನು ನೋಡಿ, ಮನೆಗಳು ಯಾಕೆ ರಸ್ತೆಗೆ ಹೋಗುತ್ತಿವೆ ಎಂದು ನನಗೆ ಅರ್ಥವಾಯಿತು.

ನಾನು ಪೊರಕೆಕಡ್ಡಿ ಹಿಡಿದು ಗೋಡೆಯ ನಕ್ಷೆಯ ಮುಂದೆ ನಿಂತು ಇಪ್ಪತ್ತು ನಿಮಿಷ ಪಾಠ ಮಾಡಿದೆ. ಬಸುರಿ ಹೆಣ್ಣುಮಗಳ ತವರುಮನೆ ಎನ್ನುವ ಮಾತು ಬಂದಾಗ ಒಬ್ಬ ಸದಸ್ಯರು ಕಣ್ಣೊರೆಸಿಕೊಂಡರು. ನನ್ನ ಬದಲಿ ಗೆರೆಯನ್ನು ತೋರಿಸುವಾಗ ಮಂಜುನಾಥ ಮೆಲ್ಲಗೆ ಎದ್ದು ನಿಂತ.

"ಮಿಸ್, ಒಂದ್ನಿಮಿಷ. ಆ ಕಾಲುವೆ..."

"ಕೂತ್ಕೊಳಪ್ಪ ಮಂಜುನಾಥ, ಹೇಳಿ ಮುಗಿಸ್ತೀನಿ."

ಅವನು ಕುಳಿತ. ಆಮೇಲೆ ಇನ್ನೊಂದು ಸಲ ಅರ್ಧ ಎದ್ದ. ನಾನು ಕನ್ನಡಕದ ಮೇಲಿಂದ ನೋಡಿದೆ. ಪೂರ್ತಿ ಕುಳಿತ. ಅಧ್ಯಕ್ಷರು, "ಮೇಡಂ ಹೇಳೋದ್ರಲ್ಲಿ ನ್ಯಾಯ ಐತೆ. ಗುರುವಾರ ಎಲ್ರೂ ಹೋಗಿ, ಮೇಡಂ ಹಾಕಿರೋ ಗೆರೆ ಮೇಲೇ ನಡ್ಕೊಂಡು ನೋಡ್ಬುಡನ," ಎಂದರು. ಹಿಂದೆ ಕುಳಿತಿದ್ದ ಬೀದಿಯವರು ಚಪ್ಪಾಳೆ ತಟ್ಟಿದರು. ಗಿರಿಜಮ್ಮ ನನ್ನ ಕೈ ಹಿಡಿದುಕೊಂಡೇ ಸೆರಗಿನಿಂದ ಮೂಗು ಒರೆಸಿಕೊಂಡಳು.

ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಮಲ್ಲಿಪಟ್ಟಣ ರಸ್ತೆಯ ತುದಿಯಿಂದ ಮೆರವಣಿಗೆ ಹೊರಟಿತು. ಮುಂದೆ ಅಳತೆಯ ಯಂತ್ರ ಹಿಡಿದ ಸರ್ವೆಯವರು, ಹಿಂದೆ ಟೇಪಿನವರು, ಅವರ ಹಿಂದೆ ಅಧ್ಯಕ್ಷರೊಡನೆ ನಾನು, ನಮ್ಮ ಹಿಂದೆ ಇಡೀ ಬೀದಿ. ಎಲ್ಲರಿಗೂ ಕಾಫಿ ಮಾಡಿಟ್ಟಿರಿ ಎಂದು ಯಜಮಾನರಿಗೆ ಮೊದಲೇ ಹೇಳಿದ್ದೆ. ಲಂಟಾನ ಪೊದೆ ಈಗ ಬರುತ್ತದೆ, ಆಗ ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಪೊದೆ ಬರಲಿಲ್ಲ. ನಮ್ಮ ಸಾಲಿನ ಮೊದಲನೆಯ ಮನೆಯ ಕಾಂಪೌಂಡು ಬಂತು. ಸರ್ವೆಯವರು ಅದನ್ನು ಸುತ್ತಿಕೊಂಡು ಹೋದರು. ಎರಡನೆಯ ಮನೆ ಬಂತು. ಅದನ್ನೂ ಸುತ್ತಿದರು. ಆಮೇಲೆ ಒಂದು ಗೇಟಿನ ಮುಂದೆ ನಿಂತುಬಿಟ್ಟರು.

"ಇದ್ರೊಳಗೆ ಹೋಗ್ಬೇಕು ಸಾ," ಎಂದ ಯಂತ್ರದವನು.

ಅದು ನಮ್ಮ ಗೇಟು.

"ನಿಮ್ಮ ಯಂತ್ರ ಸರಿ ಇಲ್ಲ," ಎಂದೆ ನಾನು.

ಮಂಜುನಾಥ ತಲೆ ತಗ್ಗಿಸಿಕೊಂಡು ಹೇಳಿದ. "ಸರಿ ಇದೆ ಮಿಸ್. ಎರಡ್ ಸಲ ನೋಡಿದೀವಿ."

ಟೇಪು ನಮ್ಮ ಮುಂಬಾಗಿಲಿನಿಂದ ಒಳಗೆ ಹೋಯಿತು. ಹಾಲ್ ದಾಟಿತು. ಅಡುಗೆಮನೆಯಲ್ಲಿ ಯಜಮಾನರು ದೊಡ್ಡ ಪಾತ್ರೆಯಲ್ಲಿ ಕಾಫಿ ಬೆರೆಸುತ್ತಿದ್ದರು. ಟೇಪಿನವನು, "ಸ್ವಲ್ಪ ಸರೀರಿ ಯಜಮಾನ್ರೆ," ಎಂದು ಹೇಳಿ, ಸ್ಟೌವಿನ ಪಕ್ಕ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದ. "ಇದು ರಸ್ತೆ ನಡುಮಧ್ಯ. ಆ ಕಡೆ ಇಪ್ಪತ್ತಡಿ, ಈ ಕಡೆ ಇಪ್ಪತ್ತಡಿ."

"ಹಂಗಾದ್ರೆ ಮನೇಲಿ ಏನ್ ಉಳೀತದೆ?" ಎಂದು ಯಜಮಾನರು ಕೇಳಿದರು.

ಅವನು ಹಿತ್ತಲವರೆಗೆ ಹೋಗಿ ನೋಡಿ ಬಂದ. "ಬಚ್ಚಲು ಉಳೀತದೆ."

ಯಜಮಾನರು ಲೋಟಕ್ಕೆ ಕಾಫಿ ಬಗ್ಗಿಸುತ್ತಾ, "ಅಷ್ಟಾದ್ರೂ ಉಳಿಸವ್ಳಲ್ಲ," ಎಂದರು.

ಅಲ್ಲಿಯೇ ನಮ್ಮ ಅಡುಗೆಮನೆಯ ಕಟ್ಟೆಯ ಮೇಲೆ ನಕ್ಷೆ ಹರಡಿ, ಮಂಜುನಾಥ ಬಹಳ ಮೆತ್ತಗೆ ವಿವರಿಸಿದ. ದಪ್ಪನೆಯ ನೀಲಿ ಗೆರೆ ಗಿರಿಜಮ್ಮನ ಮನೆಯ ಹಿಂದಿನ ಹಳೆಯ ಕಾಲುವೆ ಅಲ್ಲ, ಬಯಲಿನಾಚೆಯ ಹೊಸ ನಾಲೆ. ಹಳೆಯ ಕಾಲುವೆ ಒಣಗಿರುವುದರಿಂದ ಅದಕ್ಕೆ ಸಣ್ಣ ಚುಕ್ಕಿಗಳನ್ನು ಮಾತ್ರ ಹಾಕಿದ್ದರು. ನಾನು ಆ ಚುಕ್ಕಿಗಳನ್ನು ನೊಣದ ಹಿಕ್ಕೆ ಎಂದುಕೊಂಡಿದ್ದೆ. ಕಾಲುವೆ ತಪ್ಪಿದ ಮೇಲೆ ನನ್ನ ಲೆಕ್ಕದಲ್ಲಿ ಎಲ್ಲವೂ ಒಂದೊಂದು ಸಾಲು ಜಾರಿತ್ತು. ಪ್ರಾಧಿಕಾರದವರ ರಸ್ತೆ ನಾಲೆ ಪಕ್ಕದ ಖಾಲಿ ಬಯಲಿನ ಮೇಲಿತ್ತು. ಒಂದು ಮನೆಯೂ ಹೋಗುತ್ತಿರಲಿಲ್ಲ. ನನ್ನ ರಸ್ತೆಗೆ ನಮ್ಮ ಸಾಲಿನ ಹನ್ನೊಂದು ಮನೆಗಳು ಹೋಗುತ್ತಿದ್ದವು. ಆ ಹನ್ನೊಂದು ಮನೆಯವರೂ ಅದಕ್ಕೆ ಒಪ್ಪಿ ಸಹಿ ಹಾಕಿದ್ದರು.

"ಸಭೇಲೇ ಯಾಕ್ ಹೇಳ್ಲಿಲ್ಲ?" ಎಂದು ಕೇಳಿದೆ.

"ನೀವು ಕೂತ್ಕೋ ಅಂದ್ರಿ ಮಿಸ್," ಎಂದ ಆ ಮಹಾನುಭಾವ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು. ಎಲ್ಲರೂ ಕಾಫಿ ಕುಡಿದು, ಚೆನ್ನಾಗಿದೆ ಎಂದು ಹೇಳಿ ಹೋದರು. ಗಿರಿಜಮ್ಮ ಮಾತ್ರ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು. "ಅಂಗಾರೆ ನಮ್ ಮನೆಗೆ ಏನೂ ಆಗ್ತಿರ್ನಿಲ್ವಾ ಮಿಸ್?" ಎಂದಳು. ಇಲ್ಲ ಎಂದೆ. ಅವಳು ತಿರುಗಿ, ಸೊಂಟದ ಮಟ್ಟಕ್ಕೆ ನಿಂತುಹೋಗಿದ್ದ ತನ್ನ ಮಹಡಿಯ ಗೋಡೆಯನ್ನು ನೋಡಿದಳು. ರೂಪಾಳಿಗೆ ಆಗಲೇ ಏಳು ತಿಂಗಳು ತುಂಬಿತ್ತು.

ನನ್ನ ಆಕ್ಷೇಪಣೆಯನ್ನು ವಾಪಸು ಪಡೆಯಲು ಸಹಿ ಹಾಕಿದವರೆಲ್ಲರೂ ಮತ್ತೆ ಸಹಿ ಹಾಕಬೇಕು ಎಂದರು. ನಲವತ್ತೆರಡು ಮನೆಗೆ ಮತ್ತೆ ಹೋದೆ. ಈ ಸಲ ಎಲ್ಲರೂ ಓದಿದರು. ಕೆಲವರು ಎರಡೆರಡು ಸಲ ಓದಿದರು. ಒಬ್ಬರು ಪಕ್ಕದ ಮನೆಯವರನ್ನು ಕರೆದು ಓದಿಸಿದರು. ಕಾಳಮ್ಮ ಹೆಬ್ಬೆಟ್ಟಿಗೆ ಶಾಯಿ ಹಚ್ಚಿಕೊಂಡು, "ಈ ಸಲ ಯಾರ್ ಮನೆ ಮಿಸ್?" ಎಂದು ವಿಚಾರಿಸಿದಳು.

ಸಹಿ ಹೇಗೋ ಆಯಿತು. ಮೇಸ್ತ್ರಿ ತಿಮ್ಮಯ್ಯ ಸಿಗಲಿಲ್ಲ. ಅವನು ಚನ್ನರಾಯಪಟ್ಟಣದಲ್ಲಿ ಬೇರೆ ಕೆಲಸ ಹಿಡಿದಿದ್ದ, ಫೋನ್ ತೆಗೆಯುತ್ತಿರಲಿಲ್ಲ. ನಾನೇ ಬಸ್ಸು ಹತ್ತಿ ಹೋದೆ. ಯಜಮಾನರು, "ಒಬ್ಳೇ ಬ್ಯಾಡ, ಆಮೇಲೆ ಮೈಸೂರಿಗೆ ಹೋದೀಯೆ," ಎಂದು ಜೊತೆಗೆ ಬಂದರು. ತಿಮ್ಮಯ್ಯ ಸಾರವೆಯ ಮೇಲೆ ನಿಂತು ಗಿಲಾವು ಮಾಡುತ್ತಿದ್ದ. ನಾನು ಕೆಳಗೆ ನಿಂತು, ತಪ್ಪು ನನ್ನದು, ಬಾಣಂತಿ ಬರುತ್ತಾಳೆ, ದಯವಿಟ್ಟು ಬಾ ಎಂದು ಕೇಳಿದೆ.

"ಬತ್ತೀನಿ ಮಿಸ್, ಇಲ್ಲಿ ನಾಕ್ ದಿನ ಕೆಲ್ಸ ಐತೆ," ಎಂದ ಅವನು. ಕರಣೆಯನ್ನು ತಡೆದು ಮತ್ತೆ ಕೇಳಿದ, "ಅಲ್ಲಾ, ಮನೆ ಅದೇ ಜಾಗದಲ್ಲೇ ಐತಾ?"

ಅದೇ ಜಾಗದಲ್ಲಿತ್ತು. ನಾಲ್ಕು ದಿನ ಬಿಟ್ಟು ಅವನು ಬಂದ. ಗೋಡೆ ಮೇಲೆದ್ದಿತು, ತಾರಸಿಯೂ ಆಯಿತು. ಅಷ್ಟೂ ದಿನ ಬೆಳಿಗ್ಗೆ, ಸಂಜೆ ಗೋಡೆಗೆ ನೀರು ಹೊಡೆಯುವ ಕೆಲಸ ನಾನು ವಹಿಸಿಕೊಂಡೆ. ಗಿರಿಜಮ್ಮ ಬೇಡ ಎನ್ನಲಿಲ್ಲ. ಮೂರನೆಯ ದಿನ ಒಂದು ಲೋಟ ಮಜ್ಜಿಗೆ ತಂದುಕೊಟ್ಟಳು. ಎಂಟನೆಯ ದಿನ ಪಕ್ಕದಲ್ಲಿ ಬಂದು ನಿಂತು, "ನೀವು ನನ್ ಮನೆ ಉಳಿಸಕ್ಕೆ ಅಂತ್ಲೇ ಅಲ್ವಾ ಮಿಸ್ ಓಡಾಡಿದ್ದು. ನಂಗೇನೂ ಬ್ಯಾಸ್ರ ಇಲ್ಲ ಕಣಿ," ಎಂದಳು. ನನ್ನ ಕಣ್ಣಲ್ಲಿ ನೀರು ಬಂತು, ಪೈಪು ಎತ್ತಲೋ ತಿರುಗಿ ಅವಳ ಸೀರೆಯೂ ನೆನೆಯಿತು. ರೂಪಾ ಹೆತ್ತದ್ದು ಹೆಣ್ಣುಮಗು. ಆ ಕೋಣೆಯಲ್ಲೇ ತೊಟ್ಟಿಲು ಕಟ್ಟಿದರು.

ಪ್ರಾಧಿಕಾರದವರು ನಡಾವಳಿಯ ಒಂದು ಪ್ರತಿಯನ್ನು ನನಗೂ ಕಳುಹಿಸಿಕೊಟ್ಟರು. ಅದರಲ್ಲಿ, 'ಆಕ್ಷೇಪಣೆದಾರರು ಸೂಚಿಸಿದ ಮಾರ್ಗಕ್ಕೆ ಸದರಿ ಆಕ್ಷೇಪಣೆದಾರರೇ ಆಕ್ಷೇಪಣೆ ಸಲ್ಲಿಸಿದ ಕಾರಣ ವಿಷಯವನ್ನು ಕೈಬಿಡಲಾಗಿದೆ' ಎಂದಿತ್ತು. ವಾಕ್ಯರಚನೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಕೆಳಗೆ ಮಂಜುನಾಥನ ಸಹಿ.

ಮೊನ್ನೆ ಹಾಸನದ ಕಡೆಯಿಂದ ಬಂದ ಕಾರೊಂದು ನಮ್ಮ ಗೇಟಿನ ಮುಂದೆ ನಿಂತಿತು. ಒಳಗಿದ್ದವರು ಗಾಜು ಇಳಿಸಿ, "ಅಮ್ಮ, ಹಳೇಕೋಟೆಗೆ ಹೆಂಗೆ ಹೋಗ್ಬೇಕು?" ಎಂದರು. ನಾನು ಉತ್ಸಾಹದಿಂದ ಕೈ ಎತ್ತಿದೆ. ಎಡಕ್ಕೆ ಚಾಚಿದೆ. ಎದುರುಮನೆಯ ಮಹಡಿಯ ಮೇಲೆ ಮಗುವಿನ ಬಟ್ಟೆ ಒಣಹಾಕುತ್ತಿದ್ದ ಗಿರಿಜಮ್ಮ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿರುವುದು ಕಾಣಿಸಿತು. ಕೈ ಇಳಿಸಿದೆ.

"ಒಂದ್ನಿಮಿಷ ಇರಿ," ಎಂದು ಅವರಿಗೆ ಹೇಳಿ, ಒಳಗೆ ತಿರುಗಿ ಕೂಗಿದೆ. "ರೀ, ಸ್ವಲ್ಪ ಬನ್ನಿ. ಯಾರೋ ದಾರಿ ಕೇಳ್ತಿದಾರೆ."