ಮೌಶಿಯ ಸಬ್‌ವೂಫರ್

ಹೈದರಾಬಾದಿನ ಕೂಕಟ್‌ಪಲ್ಲಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ನೆಲ ನಡುಗಿದರೆ ಜನ ಬಯಲಿಗೆ ಓಡುವುದಿಲ್ಲ. ನೇರ ಮೂರನೇ ಮಹಡಿಗೆ ಹತ್ತಿ ಬಾಗಿಲು ಬಡಿಯುತ್ತಾರೆ. ಅಲ್ಲಿ ನಮ್ಮ ಮೌಶಿ ಇದ್ದಾಳೆ!

ಮೌಶಿ ಎಂದರೆ ನನ್ನ ಅವ್ವನ ತಂಗಿ. ಕಲಬುರ್ಗಿಯವಳು. ಮದುವೆಯಾಗಿ ಹೈದರಾಬಾದಿಗೆ ಬಂದು, ನಾರಾಯಣಗೂಡದ ಕಾಲೇಜೊಂದರಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು. ನಿವೃತ್ತರಾದ ಹೆಂಗಸರು ಏನು ಮಾಡುತ್ತಾರೆ? ಭಜನಾ ಮಂಡಳಿ ಸೇರುತ್ತಾರೆ, ತಾರಸಿಯ ಮೇಲೆ ಸಂಡಿಗೆ ಇಡುತ್ತಾರೆ. ಮೌಶಿ ಗಿಟಾರ್ ಕ್ಲಾಸಿಗೆ ಸೇರಿದಳು. ಮೊದಲ ದಿನವೇ ಮಾಸ್ತರರ ಜೊತೆ ತಕರಾರು: ಈ ತಂತಿಗಳು ಶಾವಿಗೆಯ ಹಾಗಿವೆ, ಬೆರಳು ಕೊಯ್ಯುತ್ತವೆ, ಅಲ್ಲದೆ ಆರು ಯಾಕೆ ಬೇಕು? ಮೂಲೆಯಲ್ಲಿ ನಾಲ್ಕೇ ದಪ್ಪ ತಂತಿಗಳ ಬೇಸ್ ಗಿಟಾರ್ ಒರಗಿತ್ತು. ಗಣಿತದವಳಲ್ಲವೇ, ಕಡಿಮೆಯಲ್ಲಿ ಮುಗಿಯುವ ದಾರಿ ಕಂಡರೆ ಬಿಟ್ಟಾಳೆಯೇ? ಅದನ್ನೇ ಎತ್ತಿಕೊಂಡಳು.

ಬೇಸ್ ಬಂತು, ಅದರ ಸದ್ದು ಹಿಗ್ಗಿಸಲು ಒಂದು ಪುಟ್ಟ ಆಂಪ್ ಬಂತು. ತೆಳು ತಂತಿ ಮೀಟಿದರೆ ಆಂಪ್ ಚೆನ್ನಾಗಿಯೇ ನುಡಿಯುತ್ತಿತ್ತು. ಅತಿ ದಪ್ಪನೆಯದನ್ನು ಮೀಟಿದರೆ ಮಾತ್ರ ನೆಗಡಿಯಾದ ಬೆಕ್ಕಿನಂತೆ ಗುರ್ ಎಂದು ಸುಮ್ಮನಾಗುತ್ತಿತ್ತು. ಮೌಶಿಗೆ ಅದು ಸಹಿಸಲಾಗದ ಅವಮಾನ. ವಿಚಾರಿಸಿದಾಗ ಮಾಸ್ತರರು ತಿಳಿಯದೆ ಒಂದು ಮಾತು ಆಡಿಬಿಟ್ಟರು: ಒಳಗೇ ತನ್ನದೊಂದು ಆಂಪ್ಲಿಫೈಯರ್ ಇರುವ ಸಬ್‌ವೂಫರ್ ಸಿಗುತ್ತದೆ, ಅದನ್ನು ಜೊತೆಗೆ ಸೇರಿಸಿದರೆ ಕೆಳಗಿನ ಸ್ವರಗಳನ್ನೆಲ್ಲ ಅದೇ ನೋಡಿಕೊಳ್ಳುತ್ತದೆ. ಮರುದಿನವೇ ಮೌಶಿ, ಆಗ ಅವಳ ಮನೆಯಲ್ಲೇ ಇದ್ದ ನನ್ನನ್ನು ಕರೆದುಕೊಂಡು ಅಂಗಡಿಗೆ ಹೋದಳು.

ಬಟ್ಟೆ ಒಗೆಯುವ ಯಂತ್ರದಷ್ಟಿದ್ದ ಆ ಕಪ್ಪು ಪೆಟ್ಟಿಗೆಯನ್ನು ಆಟೋದಲ್ಲಿ ಕೂರಿಸಿ, ಮಿಕ್ಕ ಜಾಗದಲ್ಲಿ ನಾವು ನೇತಾಡಿದೆವು. ಯಾವುದೋ ಮದುವೆಯದೇ ಇರಬೇಕೆಂದು ಆಟೋದವನು ಕುತೂಹಲ ತಡೆಯಲಾರದೆ ಕೇಳಿದ: “ಶಾದಿ ಕಾ ಡೀಜೆ ಹೈ ಕ್ಯಾ ಅಮ್ಮಾ?”

“ನೈ ಬೇಟಾ, ಮೇರಾ ಹೈ,” ಎಂದು ಮೌಶಿ ತನ್ನ ಎದೆ ತಟ್ಟಿಕೊಂಡಳು. ಅವನು ಮನೆ ಬರುವವರೆಗೂ ಕನ್ನಡಿಯಲ್ಲಿ ಅವಳನ್ನೇ ನೋಡುತ್ತಿದ್ದ. ರಸ್ತೆ ನೋಡುವ ಕೆಲಸ ನನ್ನ ಪಾಲಿಗೆ ಬಂತು!

ಆಂಪಿನ ಹಿಂದಿನಿಂದ ಒಂದು ಕೇಬಲ್ ಎಳೆದು ಪೆಟ್ಟಿಗೆಗೆ ಸಿಕ್ಕಿಸಿದೆವು. ಮೌಶಿ ಸೆರಗು ಸಿಕ್ಕಿಸಿ ದಪ್ಪ ತಂತಿಯನ್ನು ಮೀಟಿದಳು. ಏನೂ ಇಲ್ಲ! ಮೊದಲಿಗಿಂತಲೂ ಸಪ್ಪೆ. ಅಂಗಡಿಯವನಿಗೆ ಫೋನ್ ಹೋಯಿತು. ಒಂದು ಸ್ಪೀಕರ್ ಮುಂದೆ ತಳ್ಳುವಾಗ ಇನ್ನೊಂದು ಹಿಂದೆ ಎಳೆಯುತ್ತಿರಬಹುದು, ಆಗ ಒಂದರ ಸದ್ದನ್ನು ಇನ್ನೊಂದು ನುಂಗುತ್ತದೆ, ಹಿಂದಿರುವ ಸಣ್ಣ ಸ್ವಿಚ್ಚನ್ನು ಈಚೆಗೆ ಮಾಡಿ ಎಂದನಂತೆ. ಮಾಡಿದಳು. ಮೀಟಿದಳು.

ಅಡುಗೆಮನೆಯಲ್ಲಿ ತಟ್ಟೆಗಳು ಚಪ್ಪಾಳೆ ಹೊಡೆದವು. ಇಸ್ತ್ರಿ ಪೆಟ್ಟಿಗೆ ಮೇಜಿನಂಚಿಗೆ ನಡೆದುಕೊಂಡು ಬಂತು. ನನ್ನ ಎದೆಯೊಳಗೆ ಯಾರೋ ಒನಕೆಯಿಂದ ಕುಟ್ಟಿದಂತಾಯಿತು. ಮೌಶಿ ಕಣ್ಣು ಮುಚ್ಚಿ, “ಈಗ ನೋಡು, ಹೊಟ್ಟಿ ತುಂಬಿತು,” ಎಂದಳು.

ಅಷ್ಟರಲ್ಲಿ ಕೆಳಮನೆಯ ತೆಲುಗು ಗೃಹಿಣಿ ಬಾಗಿಲಲ್ಲಿದ್ದರು. ಬಾಗಿಲು ತೆರೆದವರು ಕಾಕಾ, ಅಂದರೆ ಮೌಶಿಯ ಗಂಡ. ಸನತ್‌ನಗರದ ಕಾರ್ಖಾನೆಯಲ್ಲಿ ತಗಡು ಒತ್ತುವ ಯಂತ್ರದ ಪಕ್ಕ ನಿಂತು ನಿಂತು ಅವರ ಕಿವಿ ಹೆಚ್ಚುಕಡಿಮೆ ಹೋಗಿತ್ತು. ಕಿವಿಗೆ ಹಾಕುವ ಯಂತ್ರ ಕೀಂ ಎನ್ನುತ್ತದೆಂದು ಅದನ್ನೂ ಬಿಟ್ಟಿದ್ದರು. ಪೂಜೆಯ ಕೋಣೆಯಲ್ಲಿ ತಮ್ಮ ದೇವರ ಪಟ ಅಲುಗಾಡಿತು ಎಂದು ಆಕೆ ಗೋಳಾಡಿದರು. ಕಾಕಾ ಎಲ್ಲದಕ್ಕೂ ನಗುತ್ತಾ ಹೂಂ ಹೂಂ ಎಂದರು. ದೇವರು ಅಲುಗಾಡಿದ್ದಕ್ಕೆ ಈ ಮನುಷ್ಯ ನಗುತ್ತಾನಲ್ಲ ಎಂದು ಆಕೆಗೆ ಇನ್ನಷ್ಟು ಸಿಟ್ಟು! ಕೊನೆಗೆ ಮೌಶಿ ಚಹಾ ಕೊಟ್ಟು, ಪೆಟ್ಟಿಗೆಯ ಕೆಳಗೆ ತವರಿನ ಕೌದಿಗಳನ್ನು ಮಡಚಿ ಹಾಸುವುದಾಗಿ ಒಪ್ಪಿ ರಾಜಿ ಮಾಡಿಕೊಂಡಳು. ನಡುಕವನ್ನೆಲ್ಲ ಕೌದಿ ಕುಡಿಯಿತು. ಮೌಶಿ ನುಡಿಸುವಾಗ ಕಾಕಾ ಬಾಲ್ಕನಿಯಲ್ಲಿ ಪೇಪರ್ ಹಿಡಿದು, ಏನೂ ಆಗದವರಂತೆ ಕೂತಿರುತ್ತಿದ್ದರು.

ನವೆಂಬರಿನಲ್ಲಿ ಕನ್ನಡ ಸಂಘದ ರಾಜ್ಯೋತ್ಸವ. ಐಟಿ ಕಂಪನಿಯ ಹುಡುಗರು ಒಂದು ಬ್ಯಾಂಡ್ ಕಟ್ಟಿಕೊಂಡಿದ್ದರು, ಅವರಿಗೆ ಬೇಸ್ ನುಡಿಸುವವರಿಲ್ಲ. ಮೌಶಿ ತಾನೇ ಹೋಗಿ ಒಪ್ಪಿಸಿದಳು. ಪೆಟ್ಟಿಗೆಯೂ ಟೆಂಪೊ ಏರಿತು. ವೇದಿಕೆಯ ಮೇಲೆ ಜಾಗವಿಲ್ಲದೆ ಅದನ್ನು ಕೆಳಗೆ, ಮೊದಲ ಸಾಲಿನ ತುದಿಗೆ ಇಟ್ಟರು. ಕಲಾವಿದೆಯ ಗಂಡ ಎಂದು ಕಾಕಾಗೆ ಆ ತುದಿಯ ಕುರ್ಚಿಯೇ ಸಿಕ್ಕಿತು.

ಮೊದಲ ಹಾಡಿನ ನಡುವೆ ನೋಡುತ್ತೇನೆ, ಕಾಕಾ ಚಪ್ಪಲಿ ಬಿಟ್ಟು ಎರಡೂ ಪಾದಗಳನ್ನು ಪೆಟ್ಟಿಗೆಯ ಮಗ್ಗುಲಿಗೆ ಊರಿದ್ದಾರೆ. ಕಾರ್ಯದರ್ಶಿಗಳು ಬಗ್ಗಿ, ಕಾಲು ಇಳಿಸಿರಿ, ಅತಿಥಿಗಳು ನೋಡುತ್ತಿದ್ದಾರೆ ಎಂದರು. ಕಾಕಾ ನಗುತ್ತಾ ಹೂಂ ಎಂದರು. ಕಾಲು ಇಳಿಯಲಿಲ್ಲ.

ಕಾರ್ಯಕ್ರಮ ಮುಗಿದು, ಊಟವಾಗಿ, ಟೆಂಪೊಗಾಗಿ ಮೆಟ್ಟಿಲ ಮೇಲೆ ಕೂತಿದ್ದೆವು. ಬಂದವರೆಲ್ಲ ಮೌಶಿಯ ಕೈಕುಲುಕಿ ಹೊಗಳಿ ಹೋದರು. ಅವಳು ಉಬ್ಬಿಹೋಗಿದ್ದಳು. ಆಗ ಕಾಕಾ ತಾವಾಗಿಯೇ ಮಾತು ತೆಗೆದರು.

“ಎರಡನೇ ಹಾಡಿನ ನಡುವ ನೀ ತಾಳ ಬಿಟ್ಟು ಮುಂದ ಓಡಿದಿ ನೋಡು.”

ಮೌಶಿಯ ನಗು ನಿಂತಿತು. ತಪ್ಪಿದ್ದು ನಿಜ. ಬ್ಯಾಂಡಿನ ಹುಡುಗರಿಗೂ ಅದು ಗೊತ್ತಾಗಿರಲಿಲ್ಲ. ಹೊಸದಾಗಿ ಮದುವೆಯಾದಾಗ ಅವಳು ಒಲೆಯ ಮುಂದೆ ಹಾಡಿಕೊಂಡರೆ ಕಾಕಾ ಹೊರಗಿನಿಂದಲೇ ತಾಳ ತಪ್ಪಿತು ಎಂದು ಕೂಗುತ್ತಿದ್ದರಂತೆ, ಇವಳು ಸೌಟು ಹಿಡಿದು ಜಗಳಕ್ಕೆ ಹೋಗುತ್ತಿದ್ದಳಂತೆ. ಕಿವಿ ಮಂದವಾದ ಮೇಲೆ ಆ ಮನೆಯಲ್ಲಿ ಯಾರೂ ಅವಳ ತಪ್ಪು ಹಿಡಿದಿರಲಿಲ್ಲ.

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಮತ್ತೆ ಕಾಕಾರ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಡಿಸಿ, ಅದರ ಮೇಲೆ ಬೆರಳಿನಿಂದ ಎರಡನೇ ಹಾಡನ್ನು ಮೊದಲಿನಿಂದ ಬಡಿಯತೊಡಗಿದಳು. ಕಾಕಾ ಕಣ್ಣು ಮುಚ್ಚಿ ಕೂತಿದ್ದರು. ಸ್ವಲ್ಪ ಹೊತ್ತಿಗೆ ಅವಳ ಬೆರಳನ್ನು ಮುಷ್ಟಿಯಲ್ಲಿ ಹಿಡಿದು ನಿಲ್ಲಿಸಿದರು.

“ಇಲ್ಲೆ ನೋಡು,” ಎಂದರು.