ಕ್ರೊನೊಗ್ರಾಫಿಗೆ ಕುಂಕುಮ

ಬ್ರಿಸ್ಬೇನ್ ಪಂದ್ಯಕ್ಕೆ ನಾನು ಹೋಗಿಯೇ ಸಿದ್ಧ! ಹಾಗೆಂದು ಡೈರಿಯಲ್ಲಿ ದಪ್ಪಕ್ಷರದಲ್ಲಿ ಬರೆದು, ಕೆಳಗೆ ಗೆರೆ ಬೇರೆ ಎಳೆದಿದ್ದೆ. ಅಡಿಲೇಡಿನ ನಮ್ಮ ರೈಫಲ್ ಕ್ಲಬ್ಬಿನಲ್ಲಿ ತೋಟಾಗಳನ್ನು ಸ್ವತಃ ತಯಾರಿಸಿಕೊಂಡು ಬರುವ ಏಕೈಕ ತಾಯಿ ನಾನು. ಮಗಳು ಮಧುರಾ ಮಧ್ಯಾಹ್ನ ನಿದ್ದೆಗೆ ಜಾರಿದಳೋ, ಶೆಡ್ಡಿನಲ್ಲಿ ಕೂತು ಮದ್ದು ತೂಗುತ್ತಿದ್ದೆ. ಸಾರಿನ ಪುಡಿಗೂ ಅಷ್ಟು ನಿಷ್ಠೆ ತೋರಿದವಳಲ್ಲ!

"ನಿನ್ನ ಗುಂಡೆಲ್ಲಾ ಒಂದೇ ವೇಗದಲ್ಲಿ ಓಡ್ತವೆ ಅಂತ ತೋರಿಸು, ತಂಡದಲ್ಲಿ ಜಾಗ ನಿಂದು" ಎಂದು ಕ್ಲಬ್ಬಿನ ಹಿರಿಯ ಕೀತ್ ತನ್ನ ಕ್ರೊನೊಗ್ರಾಫನ್ನೇ ಎರವಲು ಕೊಟ್ಟ. ಗುಂಡಿನ ವೇಗ ಅಳೆಯುವ ಪೆಟ್ಟಿಗೆ ಅದು. ಮುಕ್ಕಾಲಿಯ ಮೇಲಿಟ್ಟು, ಗುಂಡು ಅದರ ನೆತ್ತಿಯ ಮೇಲೆ ಹಾದುಹೋಗುವಂತೆ ಹೊಡೆಯಬೇಕು. "ಎರರ್ ಅಂತ ಬಂದ್ರೆ ಗುಂಡು ತುಂಬ ಮೇಲೆ ಹೋಗ್ತಿದೆ ಅಂತ. ಸ್ವಲ್ಪ ತಗ್ಗಿಸು. ಮಗು ಥರ ನೋಡ್ಕೋ!"

ನೋಡಿಕೊಂಡೆ. ಮಾರನೆಯ ದಿನವೇ ಆಯುಧಪೂಜೆ! ಮಿಕ್ಸಿ, ಕಾರು, ಗಂಡನ ಲ್ಯಾಪ್‌ಟಾಪು, ಎಲ್ಲಕ್ಕೂ ಕುಂಕುಮವಿಟ್ಟೆ. ಅತಿಥಿಯಾಗಿ ಬಂದ ಯಂತ್ರವನ್ನು ಬಿಡುವುದುಂಟೇ? ಅದರ ಮೇಲೆ ಆಕಾಶ ನೋಡುತ್ತಿದ್ದ ಎರಡು ಗಾಜಿನ ಕಣ್ಣುಗಳಿಗೆ ಗಂಧ ಬಳಿದು, ಕುಂಕುಮ ಮೆತ್ತಿ, ಹಿತ್ತಲ ಲ್ಯಾವೆಂಡರ್ ಮುಡಿಸಿದೆ. ಸಾಕ್ಷಾತ್ ದೇವಿ!

ಮರುದಿನ ಕ್ಲಬ್ಬಿನಲ್ಲಿ ಅದನ್ನು ಮುಕ್ಕಾಲಿಗೆ ಏರಿಸುವಾಗ ಗಂಡ ಉತ್ತಮ್ ಗೊಣಗಿದ. "ಚೈತೂ, ಆ ಕುಂಕುಮ ಒರೆಸ್ಬಿಡ್ಲಾ?"

"ಪೂಜೆ ಆದ ಮಾರನೇ ದಿನಾನೇ ಒರೆಸ್ತಾರಾ? ನಿಮ್ಮಮ್ಮಂಗೆ ಫೋನ್ ಮಾಡಿ ಕೇಳು!"

"ಮ್ಯಾನ್ಯುಯಲ್ ಆದ್ರೂ ಓದಿದ್ಯಾ?"

"ಮಿಕ್ಸಿದು ಓದಿದ್ನಾ? ಚಟ್ನಿ ಆಗ್ತಿಲ್ವಾ?"

ಮೊದಲ ಗುಂಡು. ಪರದೆಯ ಮೇಲೆ ಎರರ್! ಮೋಡವನ್ನು ಬೈದೆ. ಎರಡನೆಯದಕ್ಕೂ ಎರರ್! ಬ್ಯಾಟರಿಯನ್ನು ಬೈದೆ. ಕೀತ್‌ನ ಮಾತು ನೆನಪಾಗಿ ಗುರಿ ತಗ್ಗಿಸಿದೆ. ಎರರ್! ಇನ್ನೂ ತಗ್ಗಿಸಿದೆ.

"ಸಾಕು ಕಣೇ, ಇನ್ನೂ ತಗ್ಗಿಸಿದ್ರೆ..."

ಢಮಾರ್!

ದೇವಿ ಪೀಠ ಬಿಟ್ಟು ಹಾರಿದಳು. ಲ್ಯಾವೆಂಡರ್ ಮಾತ್ರ ನಿಧಾನವಾಗಿ ಕೆಳಗಿಳಿಯಿತು.

ಎಲ್ಲರ ಬಂದೂಕುಗಳೂ ಖಾಲಿಯಾದ ಮೇಲೆ ಕೀತ್ ಹೋಗಿ ಚೂರುಗಳನ್ನು ಹ್ಯಾಟಿನಲ್ಲಿ ತುಂಬಿಕೊಂಡು ಬಂದ. ಕೆಂಪು ಕಂಡು ಬೆಚ್ಚಿದ. "ಇದೇನು, ರಕ್ತಾನಾ?"

ಅಪ್ಪನ ಕಾಲು ಹಿಡಿದು ನಿಂತಿದ್ದ ಮಧುರಾ ತನ್ನ ಕಣ್ಣುಗಳನ್ನು ತೋರಿಸುತ್ತಾ ಉತ್ಸಾಹದಿಂದ ಕೂಗಿದಳು: "ನೋ ಕೀತ್, ಇಟ್ಸ್ ಕುಂಕುಮ! ಅಮ್ಮ ಪುಟ್ ಇಟ್ ಇನ್ ಇಟ್ಸ್ ಐಸ್!"

ಮೇಲೆ ಹಾದುಹೋಗುವ ಗುಂಡಿನ ನೆರಳು ನೋಡಿಯೇ ಆ ಕಣ್ಣುಗಳು ವೇಗ ಹೇಳುತ್ತವಂತೆ. ಕೀತ್ ಆಗ ವಿವರಿಸಿದ. ಅಂದರೆ ನಾನು ಸಾಕ್ಷಿಯ ಕಣ್ಣು ಕಟ್ಟಿದ್ದಲ್ಲದೆ, ಸಾಕ್ಷಿಯನ್ನೇ ಕೊಂದಿದ್ದೆ!

"ಹೊಸದು ತಂದ್ಕೊಡ್ತೀನಿ ಕೀತ್. ಬ್ರಿಸ್ಬೇನಿಗೆ ಮಾತ್ರ..." ಎಂದು ರಾಗ ಎಳೆದೆ.

ಕೀತ್ ಗಡ್ಡ ಕೆರೆದುಕೊಂಡ. "ಬ್ರಿಸ್ಬೇನಿಗೆ ನೀನು ಬರ್ಲೇಬೇಕು" ಎಂದ.

ಅರಳಿದೆ. ಉತ್ತಮ್‌ನತ್ತ ಗೆದ್ದ ನೋಟವನ್ನೂ ಬೀರಿದೆ.

"ರೈಫಲ್ ಮನೇಲೇ ಇರ್ಲಿ" ಎಂದ ಕೀತ್. "ಆ ಕೆಂಪು ಪುಡಿ ಮರೀಬೇಡ. ನಮ್ಮ ಎದುರಾಳಿ ಪರ್ತ್ ತಂಡದವರ ಸಾಮಾನಿಗೆಲ್ಲ ನೀನೇ ಪೂಜೆ ಮಾಡ್ಬೇಕು!"